ಬಹಮನ್ 1352

ಫೋಟೊದ ಹಿಂಬದಿಯಲ್ಲಿ ಮಸಿಯಿಂದ ಬರೆದ ಒಂದು ಸಾಲು ಉರ್ದು ಇತ್ತು. ಕವಿತಾಳದ ನಮ್ಮ ಹಳೇ ಮನೆಯ ಅಟ್ಟದ ಮೇಲಿನ ಟ್ರಂಕಿನಲ್ಲಿ, ಸಾಲದ ಪತ್ರ, ಹೊಲದ ಕಾಗದಗಳ ನಡುವೆ ಅದು ಸಿಕ್ಕಿತು. ಮುಂಬದಿಯಲ್ಲಿ ಮೂವರು. ರುಮಾಲು ಸುತ್ತಿ, ಕರಿ ಕೋಟು ತೊಟ್ಟು ಕುರ್ಚಿಯಲ್ಲಿ ಕುಳಿತ ಗಂಡಸು, ಸೆರಗನ್ನು ತಲೆ ತುಂಬ ಹೊದ್ದು ಪಕ್ಕದಲ್ಲಿ ನಿಂತ ಹೆಂಗಸು, ಇಬ್ಬರ ನಡುವೆ ನಾಲ್ಕೈದು ವರ್ಷದ ಹುಡುಗಿ. ಕ್ಯಾಮೆರಾದ ಮುಂದೆ ಮಗು ಅಲುಗಾಡಿದ್ದರಿಂದ ಅದರ ಮುಖ ಮಸುಕಾಗಿತ್ತು. ಮನೆಯಲ್ಲಿ ಯಾರನ್ನು ಕೇಳಿದರೂ ‘ಹಿರ್ಯಾರು ಇರಬೇಕು’ ಅನ್ನುವುದರ ಆಚೆಗೆ ಮಾತು ಹೋಗಲಿಲ್ಲ. ಕುಳಿತವರು ನಮ್ಮ ಮುತ್ಯಾನೇ ಎಂದು ಕೆಲವರು, ಮುತ್ಯಾನ ಅಪ್ಪ ಎಂದು ಕೆಲವರು.

ರಾಯಚೂರು ಜಿಲ್ಲೆ 1948ರ ಸೆಪ್ಟೆಂಬರಿನವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿತ್ತು. ಗುಲ್ಬರ್ಗಾ ಸುಬಾಕ್ಕೆ ಸೇರಿತ್ತು. ಕಚೇರಿಯ ಭಾಷೆ ಉರ್ದು, ಸಾಲಿಯ ಭಾಷೆಯೂ ಅದೇ. ಮನೆಯೊಳಗೆ ಕನ್ನಡದಲ್ಲೇ ಅತ್ತು ನಕ್ಕು ಬಾಳಿದ ನಮ್ಮ ಹಿರಿಯರು ಕಾಗದಕ್ಕೆ ಕೈ ಹಚ್ಚಿದರೆ ಉರ್ದು ಬರೆಯುತ್ತಿದ್ದರು. ಆ ಸಾಲನ್ನು ಓದಿಸಲು ಊರಿನ ವಯಸ್ಸಾದ ಉರ್ದು ಮಾಸ್ತರರೊಬ್ಬರ ಬಳಿ ಹೋದೆವು. ಅವರು ಕನ್ನಡಕ ಏರಿಸಿ, ಫೋಟೊವನ್ನು ಬೆಳಕಿಗೆ ಹಿಡಿದು, ‘ಬಹಮನ್, 1352’ ಎಂದು ಓದಿದರು.

ಈ 1352 ಯಾವ ಲೆಕ್ಕದ್ದು? ಹಿಜರಿ ಎಂದು ತೆಗೆದುಕೊಂಡರೆ ಅದು 1933–34 ಆಗುತ್ತದೆ. ಫಸಲಿ ಎಂದರೆ 590 ಕೂಡಿಸಬೇಕು, 1942–43 ಆಗುತ್ತದೆ. ನಡುವೆ ಒಂಬತ್ತು ವರ್ಷದ ಅಂತರ. ಒಂದು ಮನೆತನದಲ್ಲಿ ಅಷ್ಟರೊಳಗೆ ಹುಟ್ಟು, ಸಾವು, ಮದುವೆ ಎಷ್ಟೋ ಆಗಿಹೋಗಿರುತ್ತವೆ. ಮಾಸ್ತರರು ಒಂದೇ ಮಾತಿನಲ್ಲಿ ತೀರ್ಮಾನಿಸಿಬಿಟ್ಟರು. ಬಹಮನ್ ಎಂಬುದು ಹಿಜರಿಯ ತಿಂಗಳೇ ಅಲ್ಲ. ಮೊಹರಂ, ಸಫರ್, ರಂಜಾನ್ ಅಲ್ಲಿಯ ತಿಂಗಳುಗಳು. ಆಜೂರ್, ದೈ, ಬಹಮನ್ ಎಂದು ಸಾಗುವ ಪಾರ್ಸಿ ಹೆಸರುಗಳು ನಿಜಾಮ್ ಸರ್ಕಾರದ ಫಸಲಿ ಪಂಚಾಂಗದವು. ಅಲ್ಲಿ ವರ್ಷ ಶುರುವಾಗುವುದು ಅಕ್ಟೋಬರ್ ಮೊದಲ ವಾರ, ಆಜೂರ್ ತಿಂಗಳಿಂದ. ಹಾಗೆಂದ ಮೇಲೆ ಬಹಮನ್ 1352 ಅಂದರೆ 1942ರ ಡಿಸೆಂಬರ್, ಹೆಚ್ಚೆಂದರೆ ಮರು ಜನವರಿಯ ಮೊದಲ ದಿನಗಳು. ನಮ್ಮ ಕಡೆ ಹಳೇ ಹೊಲದ ಕಾಗದ ಇಟ್ಟುಕೊಂಡವರೆಲ್ಲ ಈ ತಿಂಗಳ ಹೆಸರುಗಳನ್ನು ಕಲಿಯಬೇಕು. ಇಸವಿಗಿಂತ ಹೆಚ್ಚು ಸಲ ತಿಂಗಳೇ ಸತ್ಯ ಹೇಳುತ್ತದೆ.

ತಾರೀಖು ಗಟ್ಟಿಯಾದ ಕೂಡಲೇ ಮನೆಯವರ ಎರಡೂ ಊಹೆ ಬಿದ್ದುಹೋದವು. 1942ರಲ್ಲಿ ಮುತ್ಯಾ ಇನ್ನೂ ಮೀಸೆ ಮೂಡದ ಹುಡುಗ. ಅವರ ಅಪ್ಪ ಅಷ್ಟರಲ್ಲಿ ತೀರಿಕೊಂಡಿದ್ದರು. ಅದೇ ಟ್ರಂಕಿನಲ್ಲಿದ್ದ ವಿರಾಸತ್ ಕಾಗದದಲ್ಲಿ ಅವರ ಹೊಲ ವಾರಸಾದ ವರ್ಷ 1348 ಫಸಲಿ, ಅಂದರೆ 1938–39. ಅದರಲ್ಲಿ ಹೊಲ ಹತ್ತಿದ್ದು ಮುತ್ಯಾನ ಹೆಸರಿಗಲ್ಲ, ನಮ್ಮಲ್ಲಿ ಯಾರೂ ಕೇಳದ ಇನ್ನೊಂದು ಹೆಸರಿಗೆ. ಆ ಕಾಗದವನ್ನು ನಮ್ಮ ಮನೆಯಲ್ಲಿ ತಲೆಮಾರಿನಿಂದ ಜೋಪಾನ ಮಾಡಿದ್ದರು. ಓದಿದವರು ಮಾತ್ರ ಇರಲಿಲ್ಲ.

ಆ ಹೆಸರು ಯಾರದೆಂದು ಹೇಳಿದವರು ಹೆಳವರು. ಸುಗ್ಗಿ ಮುಗಿದ ಮೇಲೆ ಎತ್ತಿನ ಜೊತೆ ಗಂಟೆ ಬಾರಿಸುತ್ತ ಬಂದು, ಮನೆಯ ಮುಂದೆ ನಿಂತು ವಂಶದ ಮೂಲ ಊರು, ಬೆಡಗು, ಹಿರಿಯರ ಹೆಸರುಗಳನ್ನು ಹಾಡಿದಂತೆ ಹೇಳುವ ಈ ಜನ ಉತ್ತರ ಕರ್ನಾಟಕದ ಒಕ್ಕಲು ಮನೆಗಳ ನೆನಪನ್ನು ಹೊತ್ತು ತಿರುಗಿದವರು. ಇಂತಿಂಥ ಊರು, ಇಂತಿಂಥ ಮನೆ ಎಂದು ಅವರೊಳಗೇ ಹಂಚಿಕೆ ಇರುತ್ತದೆ. ಬಾಯಿಪಾಠದಲ್ಲಿದ್ದದ್ದು ಬರಬರುತ್ತ ವಹಿಗೆ ಇಳಿಯಿತು. ಜೋಳ, ಬಟ್ಟೆ, ಕೈಲಾದಷ್ಟು ದುಡ್ಡು ಪಡೆದು, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು ಮುಂದಿನ ಊರಿಗೆ ಹೋಗುತ್ತಾರೆ. ಈಚೆಗೆ ಅವರ ಮಕ್ಕಳು ಬೇರೆ ಕೆಲಸ ಹಿಡಿದಿದ್ದಾರೆ. ಬಂದವರನ್ನು ಭಿಕ್ಷೆಯವರೆಂದು ಬಾಗಿಲಿಂದಲೇ ಕಳಿಸುವ ಮನೆಗಳೂ ಹೆಚ್ಚಿವೆ. ಹಾಗೆ ಕಳಿಸುವಾಗ ನಮ್ಮದೇ ಅಜ್ಜ ಮುತ್ಯಾರನ್ನು ಬಾಗಿಲಾಚೆ ನಿಲ್ಲಿಸುತ್ತಿದ್ದೇವೆ ಎಂದು ನನಗನ್ನಿಸುತ್ತದೆ.

ಹೆಳವರ ಹಿರಿಯ ವಹಿ ಬಿಚ್ಚಿ ಬೆರಳು ಇಟ್ಟು ತೋರಿಸಿದರು. ವಿರಾಸತ್ ಕಾಗದದ ಹೆಸರು ಮುತ್ಯಾನ ಅಣ್ಣನದು. ಅದರ ಮುಂದೆ ಕೆಳಗಿಳಿಯುವ ಸಾಲೇ ಇಲ್ಲ.

‘ಗಂಡು ಸಂತಾನ ಆಗಿಲ್ರೀ. ಅದಕ್ಕ ಅಲ್ಲಿಗೇ ನಿಂತೈತಿ.’

‘ಈ ಫೋಟೊದಾಗ ಒಂದು ಹುಡುಗಿ ಐತಲ್ರೀ?’

‘ಹೆಣ್ಮಕ್ಳು ಕೊಟ್ಟ ಮನೀ ಲೆಕ್ಕಕ್ಕ ಹೋಗ್ತಾರ್ರೀ, ಇಲ್ಲಿ ಬರಂಗಿಲ್ಲ.’

ಆ ಮಾತು ನಮ್ಮ ಹುಡುಕಾಟದ ದಿಕ್ಕನ್ನೇ ತಿರುಗಿಸಿತು. ಅಲ್ಲಿಯವರೆಗೆ ನಾವು ಗಂಡಸರ ಮನೆಗಳನ್ನೇ ತಡಕುತ್ತಿದ್ದೆವು. ಅಣ್ಣತಮ್ಮಂದಿರ ಪಾಲಿನ ಮನೆಗಳಲ್ಲಿ ಕೇಳಿದರೆ ಎಲ್ಲ ಕಡೆಯೂ ಅದೇ ಉತ್ತರ: ಗೆದ್ದಲು ತಿಂದಿತು, ರಜಾಕಾರರ ಗಲಾಟೆಯಲ್ಲಿ ತುಂಗಭದ್ರೆ ದಾಟಿ ಹೋದಾಗ ಹೋಯಿತು, ಬರಗಾಲದಲ್ಲಿ ಗುಳೆ ಹೋದಾಗ ಬೀಗ ಹಾಕಿದ ಮನೆ ಸೋರಿತು. ಕೊಟ್ಟ ಮನೆಗಳನ್ನು ಯಾರೂ ಕೇಳಿರಲಿಲ್ಲ.

ಹುಡುಕದ ಕಡೆಯೇ ಸಿಗುವ ಮಾತು ಬಂದಾಗ ಮಸ್ಕಿಯನ್ನು ನೆನೆಯಲೇಬೇಕು. ಕವಿತಾಳದವರಿಗೆ ಅದೇನು ದೂರದ ಊರಲ್ಲ. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಬ್ರಾಹ್ಮಿ ಲಿಪಿಯನ್ನು ಓದಿದಾಗ ಉತ್ತರದ ಕಂಬ ಬಂಡೆಗಳ ಮೇಲೆಲ್ಲ ಸಿಕ್ಕಿದ್ದು ದೇವಾನಾಂಪ್ರಿಯ ಪ್ರಿಯದರ್ಶಿ ಎಂಬ ಬಿರುದು. ಆ ರಾಜ ಯಾರು? ಮೊದಲು ಪ್ರಿನ್ಸೆಪ್ ಸಿಂಹಳದ ಅರಸನೆಂದೇ ಎಣಿಸಿದ. ಅಲ್ಲಿಯ ಪಾಲಿ ವಂಶಕಥೆಗಳನ್ನು ಓದುತ್ತಿದ್ದ ಜಾರ್ಜ್ ಟರ್ನರ್ ಇವನು ಮೌರ್ಯ ಅಶೋಕ ಎಂದು ತೋರಿಸಿಕೊಟ್ಟ. ಆದರೂ ಕಲ್ಲಿನ ಮೇಲೆ ಆ ಹೆಸರನ್ನು ಕಂಡವರಿರಲಿಲ್ಲ. 1915ರಲ್ಲಿ ಸಿ. ಬೀಡನ್ ಎಂಬ ಗಣಿ ಎಂಜಿನಿಯರ್ ಚಿನ್ನದ ಜಾಡು ಹುಡುಕುತ್ತ ಮಸ್ಕಿಯ ಗುಡ್ಡ ಹತ್ತಿದಾಗ ಗವಿಯಲ್ಲಿ ಅಕ್ಷರ ಕಂಡಿತು. ಎಚ್. ಕೃಷ್ಣಶಾಸ್ತ್ರಿಗಳು ಓದಿದರು: ದೇವಾನಾಂಪ್ರಿಯ ಅಶೋಕ. ನಿಜಾಮರ ಪುರಾತತ್ವ ಇಲಾಖೆಯ ಗ್ರಂಥಮಾಲೆ ಶುರುವಾದದ್ದೇ ಆ ಶಾಸನದ ಪುಸ್ತಕದಿಂದ. ಆಮೇಲೆ ಮಧ್ಯಪ್ರದೇಶದ ಗುಜರ್ರಾ, ಬಳ್ಳಾರಿ ಜಿಲ್ಲೆಯ ನಿಟ್ಟೂರು, ಉದೇಗೋಳಗಳಲ್ಲೂ ಆ ಹೆಸರು ಸಿಕ್ಕಿತು. ಪಾಟಲಿಪುತ್ರದಲ್ಲಿ ಕೂತು ಆಳಿದವನ ಹೆಸರನ್ನು ಕಾಪಾಡಿದ್ದು ನಮ್ಮ ಎಡೆದೊರೆ ನಾಡಿನ ಕಲ್ಲು. ಅರಮನೆಯ ಸುತ್ತ ಹುಡುಕಿದ್ದರೆ ಅದು ಸಿಗುತ್ತಿರಲಿಲ್ಲ.

ನಮಗೆ ದಾರಿ ತೋರಿಸಿದ್ದು ಲಗ್ನಪತ್ರಿಕೆಯ ಪಟ್ಟಿ. ನಮ್ಮಲ್ಲಿ ಯಾರ ಮದುವೆಯಾದರೂ ಮೊದಲು ಪತ್ರಿಕೆ ಕೊಟ್ಟು ಬರಬೇಕಾದ ಬೀಗರ ಮನೆಗಳ ಪಟ್ಟಿ ಒಂದಿದೆ. ಹಳೆಯದನ್ನು ನೋಡಿ ಹೊಸದನ್ನು ಬರೆಯುತ್ತೇವೆ. ಅದರಲ್ಲಿ ದೇವದುರ್ಗದ ಕಡೆಯ ಒಂದು ಮನೆ ಪ್ರತಿ ಸಲವೂ ಇತ್ತು. ಸಂಬಂಧ ಏನು ಎಂದರೆ ಹೇಳುವವರಿಲ್ಲ. ‘ಕೊಡಬೇಕಂತ, ಕೊಡ್ತೀವಿ’ ಅಷ್ಟೇ.

ಆ ಮನೆಯ ಪಡಸಾಲೆಯ ಗೋಡೆಯ ಮೇಲೆ, ವಿಭೂತಿ ಕುಂಕುಮ ಹಚ್ಚಿದ ಗಾಜಿನ ಹಿಂದೆ, ಅದೇ ಫೋಟೊ ಇತ್ತು. ನಮ್ಮ ಪ್ರತಿಗಿಂತ ಸ್ಪಷ್ಟ. ಕೆಳಗೆ ಮೂವರ ಹೆಸರೂ ಕನ್ನಡದಲ್ಲಿ, ಗುಂಡನೆಯ ಅಕ್ಷರದಲ್ಲಿ. ನಾವು ತಂದ ಪ್ರತಿಯನ್ನು ಕೈಗೆ ಕೊಟ್ಟಾಗ ಆ ಮನೆಯ ಹಿರಿಯಾಕೆ ಅದನ್ನು ಬಹಳ ಹೊತ್ತು ನೋಡಿದರು.

‘ಈ ಸಣ್ಣಾಕಿ ನಮ್ಮವ್ವ. ನೀವು ಆಕಿ ತವರುಮನ್ಯಾರೇನು? ಯಾಕಪಾ ಇಷ್ಟು ದಿನ ಬರಲಿಲ್ಲ?’

ಅವರಿಗೆ ಉತ್ತರ ಕೊಡಲು ನಮ್ಮಲ್ಲಿ ಯಾರಿಗೂ ಬಾಯಿ ಬರಲಿಲ್ಲ. ಅವರೇ ಎದ್ದು ಒಳಗಿಂದ ಒಂದು ತಗಡಿನ ಡಬ್ಬಿ ತಂದರು. ಗಂಡ ತೀರಿದ ಮೇಲೆ ಫೋಟೊದಲ್ಲಿ ನಿಂತಿದ್ದ ಆ ತಾಯಿ ಮಗಳ ಜೊತೆಗೇ ಬಂದು ಇದ್ದುಬಿಟ್ಟರಂತೆ. ಬರುವಾಗ ಮನೆಯ ಫೋಟೊಗಳನ್ನು ಸೀರೆಯ ನಡುವೆ ಇಟ್ಟುಕೊಂಡು ಬಂದರಂತೆ. ನಮ್ಮ ಹಿರಿಯರ ಮುಖಗಳು ಕವಿತಾಳದ ಮನೆಯಲ್ಲಿರುವುದಕ್ಕಿಂತ ಹೆಚ್ಚು ಆ ಡಬ್ಬಿಯಲ್ಲಿದ್ದವು. ಮುತ್ಯಾ ಹುಡುಗನಾಗಿದ್ದಾಗಿನದೂ ಒಂದಿತ್ತು, ಮೊಹರಂ ಅಲಾಯಿ ಕುಣಿಯ ಪಕ್ಕ ಗೆಳೆಯರ ಜೊತೆ ನಿಂತದ್ದು.

ಯಾವ ಫೋಟೊವನ್ನೂ ನಾವು ಅಲ್ಲಿಂದ ತರಲಿಲ್ಲ. ಕಟ್ಟಿನಲ್ಲಿದ್ದವನ್ನು ಬಿಚ್ಚಲೂ ಇಲ್ಲ. ತೇವಕ್ಕೆ ಗಾಜಿಗೆ ಅಂಟಿದ ಫೋಟೊ ಎಳೆದರೆ ಮುಖವೇ ಗಾಜಿಗೆ ಕಿತ್ತುಬರುತ್ತದೆ. ಅಂಗಳದ ನೆರಳಲ್ಲಿ ಬಿಳಿ ಬಟ್ಟೆ ಹಾಸಿ, ಒಂದೊಂದನ್ನೇ ಇಟ್ಟು, ಮೊಬೈಲನ್ನು ನೇರ ಮೇಲೆ ಹಿಡಿದು, ಮುಂದೂ ಹಿಂದೂ ತೆಗೆದೆವು. ಹಿಂಬದಿ ಬಿಟ್ಟರೆ ಅರ್ಧ ಚರಿತ್ರೆ ಬಿಟ್ಟಂತೆ: ಅಲ್ಲಿ ಕಾಗದದ ಕಂಪನಿಯ ಹೆಸರಿರುತ್ತದೆ, ಸ್ಟುಡಿಯೊದ ಮುದ್ರೆ ಇರುತ್ತದೆ, ನಮಗೆ ಸಿಕ್ಕಂತೆ ಒಂದು ತಿಂಗಳ ಹೆಸರೂ ಇರಬಹುದು. ಅಂಚಿನಲ್ಲಿ ಕನ್ನಡಿಯಂತೆ ಹೊಳೆಯುವ ನೀಲಿ ಛಾಯೆ ಕಂಡರೆ ಉಜ್ಜಬಾರದು. ಅದು ಫೋಟೊದೊಳಗಿನ ಬೆಳ್ಳಿಯೇ ಮೇಲೆ ಬಂದಿರುವುದು. ಹಿರಿಯಾಕೆ ಹೇಳಿದ ಹೆಸರುಗಳನ್ನು ಹಿಂಬದಿಯ ಅಂಚಿನಲ್ಲಿ ಮೆತ್ತನೆಯ ಪೆನ್ಸಿಲಿನಿಂದ ಬರೆದೆವು. ಬಾಲ್‌ಪೆನ್ನು ಒತ್ತಿ ಬರೆದರೆ ಗೆರೆ ಮುಂಬದಿಗೆ ಮೂಡುತ್ತದೆ, ಮಸಿಯೂ ಹರಡುತ್ತದೆ. ಅವರು ಮಾತಾಡಿದ್ದನ್ನೆಲ್ಲ ರೆಕಾರ್ಡ್ ಮಾಡಿಕೊಂಡೆವು. ಯಾರ ಹೆಸರು ಹೇಳುವಾಗ ದನಿ ಬದಲಾಯಿತು ಎಂಬುದು ಪೆನ್ಸಿಲಿಗೆ ಸಿಕ್ಕುವುದಿಲ್ಲ.

ಮರು ಸುಗ್ಗಿಗೆ ಹೆಳವರು ಬಂದಾಗ, ಮುತ್ಯಾನ ಅಣ್ಣನ ಹೆಸರಿನ ಕೆಳಗೆ ಮಗಳ ಹೆಸರು ಬರೆಯಬೇಕೆಂದು ಕೇಳಿದೆವು. ಹಿರಿಯ ಸ್ವಲ್ಪ ಯೋಚಿಸಿ, ಗೆರೆ ಎಳೆದು, ಬರೆದುಕೊಂಡರು. ಆಕೆಯ ಮಕ್ಕಳ ಹೆಸರೂ ಬರೆಸಿದೆವು. ಲಗ್ನಪತ್ರಿಕೆಯ ಪಟ್ಟಿಯಲ್ಲಿ ಲಿಂಗಸೂಗೂರಿನ ಕಡೆಯ ಎರಡು ಬೀಗರ ಮನೆಗಳೂ ಇವೆ. ಅವರ ಸಂಬಂಧವೂ ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ. ಈ ಸಲ ಪತ್ರಿಕೆ ಕೊಡುವ ನೆಪಕ್ಕೆ ಕಾಯದೆ ಹೋಗಬೇಕೆಂದು ಮನೆಯವರೆಲ್ಲ ಕೂತು ಮಾತಾಡಿದ್ದೇವೆ.