ಉಳಿದದ್ದೂ ಪ್ರಸಾದವೇ

ಆಯ್ದಕ್ಕಿ ಮಾರಯ್ಯನವರ ಪ್ರಸಂಗವನ್ನು ಅರಿಯದ ಶರಣರ ಮನೆ ವಿರಳ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿಯನ್ನು ಆಯ್ದು ತಂದು ಜಂಗಮ ದಾಸೋಹ ನಡೆಸುವುದು ಆ ದಂಪತಿಗಳ ಕಾಯಕವಾಗಿತ್ತು. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ ಲಕ್ಕಮ್ಮನವರು ಅದನ್ನು ಒಪ್ಪಲಿಲ್ಲ. ಹೆಚ್ಚಾದುದನ್ನು ತಂದಲ್ಲಿಗೇ ಹಿಂದಿರುಗಿಸಿ ಬರುವಂತೆ ಪತಿಗೆ ಹೇಳಿದರು. ಈ ಪ್ರಸಂಗವನ್ನು ಪ್ರವಚನಗಳಲ್ಲಿ ನಿರಾಸೆಯ ದೃಷ್ಟಾಂತವಾಗಿ ಹೇಳುವುದುಂಟು. ಅಡುಗೆಮನೆಯ ಬಾಗಿಲಲ್ಲಿ ನಿಂತು ಆಲೋಚಿಸಿದರೆ ಅದರಲ್ಲಿ ಇನ್ನೂ ಎರಡು ಪಾಠಗಳು ಕಾಣುತ್ತವೆ. ನೆಲಕ್ಕೆ ಬಿದ್ದ ಕಾಳೂ ವ್ಯರ್ಥವಾಗಬಾರದು ಎಂಬುದು ಮಾರಯ್ಯನವರ ಕಾಯಕದ ಪಾಠ. ಬೇಕಾದುದಕ್ಕಿಂತ ಹೆಚ್ಚು ಮನೆಯೊಳಗೆ ಬರಬಾರದು ಎಂಬುದು ಲಕ್ಕಮ್ಮನವರ ವಿವೇಕದ ಪಾಠ.

ಈ ಎರಡು ಪಾಠಗಳ ಅಗತ್ಯ ಇಂದು ಹೆಚ್ಚಾಗಿದೆ. ವಿಶ್ವಸಂಸ್ಥೆಯ ಪರಿಸರ ಕಾರ್ಯಕ್ರಮವು 2024ರಲ್ಲಿ ಪ್ರಕಟಿಸಿದ ವರದಿಯಂತೆ, 2022ರಲ್ಲಿ ಜಗತ್ತಿನಲ್ಲಿ ಸುಮಾರು 105 ಕೋಟಿ ಟನ್ ಆಹಾರ ವ್ಯರ್ಥವಾಯಿತು. ಅದರಲ್ಲಿ ಶೇಕಡಾ 60ರಷ್ಟು ಹೋಟೆಲು, ಅಂಗಡಿಗಳಿಂದ ಬಂದುದಲ್ಲ, ಮನೆಗಳಿಂದ ಬಂದುದು. ಒಂದು ಕಡೆ ಬೇಳೆಕಾಳುಗಳ ಬೆಲೆಯನ್ನು ಕುರಿತು ಚಿಂತಿಸುತ್ತೇವೆ. ಮತ್ತೊಂದು ಕಡೆ ಅದೇ ಬೇಳೆಯ ಸಾರನ್ನು ಮರುದಿನ ಬಚ್ಚಲಿಗೆ ಚೆಲ್ಲುತ್ತೇವೆ.

ಎಂಜಲಲ್ಲ, ಪ್ರಸಾದ

ಅಷ್ಟಾವರಣಗಳಲ್ಲಿ ಪ್ರಸಾದವೂ ಒಂದು. ಇಷ್ಟಲಿಂಗಕ್ಕೆ ಅರ್ಪಿತವಾದ ಪದಾರ್ಥವು ಪದಾರ್ಥವಾಗಿ ಉಳಿಯದೆ ಪ್ರಸಾದವಾಗುತ್ತದೆ. ಪ್ರಸಾದವನ್ನು ಚೆಲ್ಲುವ ಅಧಿಕಾರ ಭಕ್ತನಿಗಿಲ್ಲ. ಆದಕಾರಣವೇ ಮಠಗಳ ಪಂಕ್ತಿಯಲ್ಲಿ ಕುಳಿತವರು ಬೇಕಾದಷ್ಟನ್ನೇ ನೀಡಿಸಿಕೊಂಡು, ತಟ್ಟೆಯಲ್ಲಿ ಅಗುಳೂ ಉಳಿಯದಂತೆ ಉಂಡು, ಕೊನೆಗೆ ತಟ್ಟೆಯನ್ನು ತೊಳೆದ ನೀರನ್ನೂ ಕುಡಿಯುವ ಪದ್ಧತಿ ಬೆಳೆದುಬಂದಿದೆ. ಶರಣರು ನಿರಾಕರಿಸಿದ ಪಂಚಸೂತಕಗಳಲ್ಲಿ ಉಚ್ಛಿಷ್ಟ ಸೂತಕವೂ ಸೇರಿದೆಯೆಂಬುದನ್ನು ನೆನೆಯಬೇಕು. ಪಾತ್ರೆಯಲ್ಲಿ ಉಳಿದುದು ಮೈಲಿಗೆಯೆಂಬ ಭಾವನೆಗೆ ನಮ್ಮ ಧರ್ಮದಲ್ಲಿ ಆಧಾರವಿಲ್ಲ. ಕೆಟ್ಟಿದೆಯೇ, ಕೆಟ್ಟಿಲ್ಲವೇ ಎಂಬುದೊಂದೇ ಅಲ್ಲಿ ಕೇಳಬೇಕಾದ ಪ್ರಶ್ನೆ.

ಮೊದಲು ಅಳತೆ

ಉಳಿದುದನ್ನು ಬಳಸುವ ಜಾಣ್ಮೆಗಿಂತ ಉಳಿಯದಂತೆ ಮಾಡುವ ಜಾಣ್ಮೆ ದೊಡ್ಡದು. ಒಂದು ಲೋಟ ಅಕ್ಕಿ ಬೆಂದು ಸುಮಾರು ಮೂರು ಲೋಟ ಅನ್ನವಾಗುತ್ತದೆ. ಈ ಲೆಕ್ಕವನ್ನು ಮನಸ್ಸಿನಲ್ಲಿಟ್ಟು, ಅಂದು ಊಟಕ್ಕೆ ಯಾರಿದ್ದಾರೆ, ಯಾರು ಪರಸ್ಥಳಕ್ಕೆ ಹೋಗಿದ್ದಾರೆ ಎಂಬುದನ್ನು ಕೇಳಿಯೇ ಅಕ್ಕಿ ಅಳೆಯಬೇಕು. ಒಂದು ವಾರ ಕಾಲ, ಪ್ರತಿರಾತ್ರಿ ಏನೇನು ಎಷ್ಟೆಷ್ಟು ಉಳಿಯಿತೆಂದು ಗೋಡೆಯ ಕ್ಯಾಲೆಂಡರಿನ ಮೇಲೆ ಗುರುತು ಹಾಕಿದರೆ, ಯಾವ ಪದಾರ್ಥದಲ್ಲಿ ಕೈ ಧಾರಾಳವಾಗಿದೆ ಎಂಬುದು ತಾನಾಗಿ ತಿಳಿಯುತ್ತದೆ.

ಕಡಿಮೆ ಖರ್ಚಿನ ಊಟವೆಂದರೆ ಸತ್ವಹೀನ ಊಟವೆಂದು ಭಾವಿಸುವುದು ತಪ್ಪು. ಜೋಳದ ರೊಟ್ಟಿ, ಕಾಳಿನ ಪಲ್ಯ, ಒಂದಿಷ್ಟು ಹಸಿ ಸೊಪ್ಪು, ಶೇಂಗಾ ಅಥವಾ ಅಗಸಿ ಹಿಂಡಿ, ಮಜ್ಜಿಗೆ: ಉತ್ತರ ಕರ್ನಾಟಕದ ಒಕ್ಕಲಿನ ಈ ಊಟದಲ್ಲಿ ಕೊರತೆ ಕಡಿಮೆ. ಧಾನ್ಯಗಳ ಸಸಾರಜನಕದಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಕಾಳುಗಳಲ್ಲಿ ಅದು ಹೆಚ್ಚು. ಎರಡೂ ಒಂದೇ ತಟ್ಟೆಯಲ್ಲಿ ಕೂಡಿದಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. ಹೆಸರುಕಾಳು ಅಥವಾ ಮಡಕಿಕಾಳನ್ನು ರಾತ್ರಿ ನೆನೆಸಿ, ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿದರೆ ಒಂದು ಬಟ್ಟಲು ಕಾಳು ಎರಡು ಬಟ್ಟಲಿಗೂ ಮೀರುತ್ತದೆ. ತರಕಾರಿ ತುಟ್ಟಿಯಾದ ದಿನಗಳಲ್ಲಿ ಇದೇ ದೊಡ್ಡ ಆಸರೆ.

ತರಕಾರಿಯಲ್ಲಿಯೂ ನಾವು ಬಿಸಾಡುವ ಭಾಗ ಅಲ್ಪವೇನಲ್ಲ. ಎಳೆಯ ಹೀರೇಕಾಯಿಯ ಸಿಪ್ಪೆಯನ್ನು ಚೆನ್ನಾಗಿ ತೊಳೆದು, ಒಂದು ಚಮಚ ಎಣ್ಣೆಯಲ್ಲಿ ಹಸಿಮೆಣಸಿನಕಾಯಿ ಮತ್ತು ಎಳ್ಳಿನೊಡನೆ ಹುರಿದು, ಹುಣಸೆಹಣ್ಣು, ಉಪ್ಪು ಸೇರಿಸಿ ಅರೆದರೆ ರೊಟ್ಟಿಗೆ ಉತ್ತಮವಾದ ಚಟ್ನಿ. ಮೂಲಂಗಿಯ ಎಲೆಗೆ ನೆನೆಸಿದ ಹೆಸರುಬೇಳೆ ಬೆರೆಸಿದರೆ ಪಲ್ಯ. ಕೊತ್ತಂಬರಿಯ ಕಡ್ಡಿಗಳು ಸಾರಿನ ಮಸಾಲೆಗೆ ಸಲ್ಲುತ್ತವೆ.

ಉಳಿದುದರ ಸದ್ವಿನಿಯೋಗ

ರೊಟ್ಟಿ ನಿನ್ನೆಯದಾದರೆ ಅದಕ್ಕೆ ಕುಂದಿಲ್ಲ. ಕೊಪ್ಪಳದ ಗವಿಮಠದ ಜಾತ್ರೆಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳ ತಾಯಂದಿರು ಮುಂಚಿತವಾಗಿಯೇ ರೊಟ್ಟಿ ತಟ್ಟಿ, ಒಣಗಿಸಿ ಕಳುಹಿಸುತ್ತಾರೆ. ಲಕ್ಷಾಂತರ ಭಕ್ತರು ಅದನ್ನು ಪ್ರಸಾದವೆಂದು ಸ್ವೀಕರಿಸುತ್ತಾರೆ. ತೇವವಿಲ್ಲದಂತೆ ಕಟಕಾಗಿ ಒಣಗಿದ ರೊಟ್ಟಿ ವಾರಗಟ್ಟಲೆ ಉಳಿಯುತ್ತದೆ. ಮೆತ್ತನೆಯ ರೊಟ್ಟಿ ಉಳಿದಿದ್ದರೆ ಅದನ್ನು ಮರುದಿನವೇ ಬಳಸಬೇಕು. ನಾಲ್ಕು ರೊಟ್ಟಿಗಳನ್ನು ಕೈಯಿಂದ ಪುಡಿಮಾಡಿ, ಎರಡು ಚಮಚ ಎಣ್ಣೆಯಲ್ಲಿ ಸಾಸಿವೆ, ಜೀರಿಗೆ, ಕರಿಬೇವು, ಹೆಚ್ಚಿದ ಒಂದು ಈರುಳ್ಳಿ, ಎರಡು ಹಸಿಮೆಣಸಿನಕಾಯಿ, ಚಿಟಿಕೆ ಅರಿಶಿನಗಳ ಒಗ್ಗರಣೆ ಕೊಟ್ಟು, ಅರ್ಧ ಬಟ್ಟಲು ಮಜ್ಜಿಗೆ ಚಿಮುಕಿಸಿ, ಉಪ್ಪು ಹಾಕಿ, ಐದು ನಿಮಿಷ ಮುಚ್ಚಿಡಬೇಕು. ಮೂವರಿಗೆ ಬೆಳಗಿನ ಉಪಾಹಾರ ಸಿದ್ಧ.

ಅನ್ನ ಒಂದು ಬಟ್ಟಲು ಉಳಿದಿದ್ದರೆ, ಅದನ್ನು ಹಿಸುಕಿ, ಒಂದು ಬಟ್ಟಲು ಜೋಳದ ಹಿಟ್ಟು, ಎರಡು ಚಮಚ ಕಡಲೆಹಿಟ್ಟು, ಈರುಳ್ಳಿ, ಹಸಿಮೆಣಸಿನಕಾಯಿ, ಜೀರಿಗೆ, ಉಪ್ಪು ಕೂಡಿಸಿ ಕಲೆಸಿ ಹಂಚಿನ ಮೇಲೆ ತಾಲಿಪಟ್ಟು ತಟ್ಟಬಹುದು. ಗಟ್ಟಿ ಬೇಳೆ ಉಳಿದಿದ್ದರೆ ನೀರಿಗೆ ಬದಲಾಗಿ ಅದರಲ್ಲಿಯೇ ಗೋಧಿಹಿಟ್ಟು ನಾದಿ ಚಪಾತಿ ಮಾಡಬಹುದು. ಮಕ್ಕಳ ಬುತ್ತಿಗೆ ಬೇರೆ ಪಲ್ಯವೂ ಬೇಡ. ಹೋಳಿಗೆಯ ದಿನ ಬೇಳೆ ಬಸಿದ ನೀರನ್ನು ಚೆಲ್ಲದೆ, ಒಂದು ಮುಷ್ಟಿ ಹೂರಣ, ಹುಣಸೆರಸ, ಮಸಾಲೆ ಹಾಕಿ ಕಟ್ಟಿನ ಸಾರು ಕಾಯಿಸುವುದನ್ನು ನಮ್ಮ ಅಜ್ಜಿಯರು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ. ಹಬ್ಬದ ಅತ್ಯಂತ ರುಚಿಕರ ಪದಾರ್ಥವೊಂದು ಬಸಿದ ನೀರಿನಿಂದ ಹುಟ್ಟಿತು.

ಎಚ್ಚರಿಕೆಯ ಮಾತು

ಮಿತವ್ಯಯದ ಹೆಸರಿನಲ್ಲಿ ಆರೋಗ್ಯವನ್ನು ಕಳೆದುಕೊಳ್ಳುವುದು ವಿವೇಕವಲ್ಲ. ಅಕ್ಕಿಯಲ್ಲಿರುವ ಬ್ಯಾಸಿಲಸ್ ಸೀರಿಯಸ್ ಎಂಬ ಸೂಕ್ಷ್ಮಾಣುವಿನ ಬೀಜಕಣಗಳು ಬೇಯಿಸಿದರೂ ಸಾಯದೆ ಉಳಿಯಬಲ್ಲವು. ಅನ್ನವು ಬಹುಕಾಲ ಬೆಚ್ಚಗೆ ಹೊರಗೇ ಇದ್ದರೆ ಅವು ಬೆಳೆದು ವಾಂತಿ ತರುವ ವಿಷವನ್ನು ಉಂಟುಮಾಡುತ್ತವೆ. ಆ ವಿಷ ಮತ್ತೆ ಕಾಯಿಸಿದರೂ ಅಳಿಯದು. ಆದ್ದರಿಂದ ಊಟವಾದ ಕೂಡಲೇ ಉಳಿದ ಅನ್ನವನ್ನು ಅಗಲವಾದ ತಟ್ಟೆಯಲ್ಲಿ ಹರಡಿ ಆರಿಸಿ, ಎರಡು ಗಂಟೆಗಳೊಳಗೆ ಫ್ರಿಜ್ಜಿನಲ್ಲಿಟ್ಟು, ಮರುದಿನವೇ ಮುಗಿಸಬೇಕು. ಕಾಯಿಸುವಾಗ ಹೊಗೆಯಾಡುವಂತೆ ಒಮ್ಮೆ ಮಾತ್ರ ಕಾಯಿಸಬೇಕು. ಬೇಳೆ, ತೆಂಗಿನಕಾಯಿ ಹಾಕಿದ ಪಲ್ಯಗಳಿಗೂ ಇದೇ ನಿಯಮ. ಫ್ರಿಜ್ಜಿಲ್ಲದ ಮನೆಯವರು ರಾತ್ರಿಯ ಅನ್ನವನ್ನು ಕಡಿಮೆ ಮಾಡಿ ರೊಟ್ಟಿಯನ್ನು ಹೆಚ್ಚಿಸುವುದು ಕ್ಷೇಮ.

ಉಳಿದುದು ಯಾರ ಪಾಲು?

ಈ ಲೇಖನದ ಮುಖ್ಯ ಮಾತು ಇನ್ನು ಮುಂದಿದೆ. ಅನೇಕ ಮನೆಗಳಲ್ಲಿ ಮಿತವ್ಯಯವು ಒಬ್ಬಳ ಹೊಟ್ಟೆಯ ಮೇಲೆ ನಿಂತಿದೆ. ಬಿಸಿ ರೊಟ್ಟಿ ಗಂಡಸರಿಗೆ ಮತ್ತು ಮಕ್ಕಳಿಗೆ. ನಿನ್ನೆಯ ರೊಟ್ಟಿ, ತಳದ ಅನ್ನ ಸೊಸೆಗೆ. ಅವಳಿಗೂ ಮಿಕ್ಕಿದರೆ ಅದು ಕೆಲಸದವಳ ಡಬ್ಬಿಗೆ. ಕೆಡುವ ಹಂತಕ್ಕೆ ಬಂದುದನ್ನು ಬಡವರಿಗಿತ್ತು ದಾಸೋಹವೆಂದುಕೊಳ್ಳುವುದು ಆತ್ಮವಂಚನೆ. ನಾವು ಉಣ್ಣಲೊಲ್ಲದುದು ದಾಸೋಹಕ್ಕೆ ಸಲ್ಲದು. ಕೊಡುವುದಾದರೆ ಬಿಸಿಯಾಗಿರುವಾಗಲೇ, ನಮ್ಮ ತಟ್ಟೆಗೆ ಬಡಿಸಿಕೊಳ್ಳುವ ಮುನ್ನವೇ ತೆಗೆದಿಟ್ಟು ಕೊಡಬೇಕು.

1972ರ ಬರಗಾಲದಲ್ಲಿ ನಾನು ಮಠದ ಪಾಠಶಾಲೆಯಲ್ಲಿ ಬಾಲಕನಾಗಿದ್ದೆ. ಒಂದು ಸಂಜೆ ಪಂಕ್ತಿಯಲ್ಲಿ ಹಿಂದಿನ ದಿನದ ರೊಟ್ಟಿ ಬಂದಾಗ ನಾವು ಕೆಲವರು ಮುಖ ತಿರುಗಿಸಿದೆವು. ಅದನ್ನು ಕಂಡ ನಮ್ಮ ಪೂಜ್ಯರು ಏನನ್ನೂ ಹೇಳಲಿಲ್ಲ. ಪಂಕ್ತಿಯ ತುದಿಯಲ್ಲಿ ಬಂದು ಕುಳಿತು, "ನಿನ್ನೆಯದು ನನಗೆ ಮೊದಲು ನೀಡಪ್ಪಾ" ಎಂದು ಬಡಿಸುವವನನ್ನು ಕರೆದರು. ಅಂದಿನಿಂದ ಆ ಪಂಕ್ತಿಯಲ್ಲಿ ಹಳೆಯ ರೊಟ್ಟಿ ಹಿರಿಯರಿಂದ ಆರಂಭವಾಗಿ ಎಲ್ಲರಿಗೂ ಸಮನಾಗಿ ಬರತೊಡಗಿತು. ಯಾರೂ ಮತ್ತೆ ಮುಖ ತಿರುಗಿಸಲಿಲ್ಲ.

ಪ್ರತಿ ಮನೆಯೂ ಇದನ್ನು ನಿಯಮವಾಗಿ ಕೈಗೊಳ್ಳಬಹುದು. ಉಳಿದುದನ್ನು ಮೊದಲು ಬಡಿಸಿರಿ. ಮನೆಯ ಯಜಮಾನರಿಂದಲೇ ಬಡಿಸಿರಿ. ಎಲ್ಲರ ತಟ್ಟೆಗೂ ಒಂದೊಂದು ತುಣುಕು ಬರಲಿ. ಹಾಗಾದಾಗ ಅಳತೆ ಮೀರಿ ಬೇಯಿಸುವುದು ತಾನಾಗಿ ನಿಲ್ಲುತ್ತದೆ. ಏಕೆಂದರೆ ಹೆಚ್ಚಾದುದರ ಭಾರ ಎಲ್ಲರಿಗೂ ತಿಳಿಯುತ್ತದೆ. ಲಕ್ಕಮ್ಮನವರು ಹೆಚ್ಚಿನ ಅಕ್ಕಿಯನ್ನು ಹಿಂದಿರುಗಿಸಿದುದು ಪತಿಯೊಡನೆ ಸಮಾನಳಾಗಿ ನಿಂತು. ಅವರ ಹೆಸರು ಹೇಳುವ ನಮ್ಮ ಮನೆಗಳಲ್ಲಿ ತಾಯಿ ಕೊನೆಗೆ ಒಬ್ಬಳೇ ಕುಳಿತು ತಣ್ಣಗಿನದನ್ನು ಉಣ್ಣುವ ರೂಢಿ ಇನ್ನಾದರೂ ನಿಲ್ಲಲಿ. ಒಂದೇ ಪಂಕ್ತಿಯಲ್ಲಿ, ಒಂದೇ ಹೊತ್ತಿನಲ್ಲಿ, ಬಿಸಿಯನ್ನೂ ಉಳಿದುದನ್ನೂ ಹಂಚಿ ಉಂಡಾಗ ಮನೆಯ ಊಟವು ಪ್ರಸಾದವೆಂಬ ಹೆಸರಿಗೆ ಪಾತ್ರವಾಗುತ್ತದೆ.