ಖಾತೆ ಬಂತು, ಮನೆ ಬಂತೇ?

ಬೆಂಗಳೂರಿನ ಯಾವ ಬೀದಿಗೆ ಹೋದರೂ ಲೈಟುಕಂಬದ ಮೇಲೊಂದು ಚೀಟಿ ಕಾಣುತ್ತದೆ: ‘ಮನೆ ಲೀಸ್‌ಗಿದೆ’. ಕೆಲವು ಲಕ್ಷ ರೂಪಾಯಿಯ ಇಡುಗಂಟು ಕೊಟ್ಟು, ಎರಡು ಮೂರು ವರ್ಷ ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಗಂಟನ್ನು ವಾಪಸ್ ಪಡೆಯುವುದಕ್ಕೆ ಈ ಊರಿನಲ್ಲಿ ಲೀಸ್ ಎಂದು ಹೆಸರು. ಹಿರಿಯರು ಭೋಗ್ಯ ಎನ್ನುತ್ತಿದ್ದರು. ಹೀಗಾಗಿ ಲಂಡನ್ನಿನಲ್ಲಿರುವ ಮಗ ‘ಲೀಸ್‌ಹೋಲ್ಡ್ ಫ್ಲ್ಯಾಟ್ ತಗೊಂಡೆ’ ಅಂತ ಫೋನು ಮಾಡಿದರೆ, ‘ಬಾಡಿಗೆ ಮನೆಗೆ ಅಷ್ಟೊಂದು ದುಡ್ಡು ಸುರಿದ್ಯೇನೋ?’ ಎಂದು ತಾಯಿ ಗಾಬರಿಯಾದರೆ ತಪ್ಪೇನಿಲ್ಲ.

ಇಂಗ್ಲೆಂಡಿನಲ್ಲಿ ಫ್ಲ್ಯಾಟುಗಳು ಬಹುಮಟ್ಟಿಗೆ ಮಾರಾಟವಾಗುವುದೇ ದೀರ್ಘಾವಧಿ ಗುತ್ತಿಗೆಯ ಮೇಲೆ. ಮಗ ಅದನ್ನು ಮಾರಬಹುದು, ಮಕ್ಕಳಿಗೆ ಉಯಿಲು ಬರೆಯಬಹುದು. ಆದರೆ ಗುತ್ತಿಗೆಯ ವರ್ಷಗಳು ಕರಗುತ್ತ ಹೋದಂತೆ ಬೆಲೆಯೂ ಕರಗುತ್ತದೆ. ಫ್ರೀಹೋಲ್ಡ್ ಎಂದರೆ ಅವಧಿಯ ಹಂಗಿಲ್ಲದ ಪೂರ್ಣ ಒಡೆತನ. ಈಗ ನಮ್ಮ ಬ್ರೋಕರುಗಳ ಬಾಯಲ್ಲೂ ಈ ಎರಡು ಪದಗಳು ನಲಿದಾಡುತ್ತಿವೆ. ಅವುಗಳ ಜೊತೆಗೆ ಒಂದಷ್ಟು ತಪ್ಪು ತಿಳಿವಳಿಕೆಗಳೂ ಓಡಾಡುತ್ತಿವೆ.

ತಪ್ಪು ಕಲ್ಪನೆ: ಗುತ್ತಿಗೆ ಆಸ್ತಿಯ ತಲೆನೋವು ದೆಹಲಿ, ನೋಯ್ಡಾದವರಿಗೆ. ನಮಗಲ್ಲ.

ನೋಯ್ಡಾದಲ್ಲಿ 90 ವರ್ಷದ ಗುತ್ತಿಗೆ, ನವಿ ಮುಂಬೈಯಲ್ಲಿ 60 ವರ್ಷದ್ದು, ನಿಜ. ಆದರೆ ಬೆಂಗಳೂರಿನವರಿಗೆ ಅತಿ ಪರಿಚಿತವಾದ ಬಿಡಿಎ ನಿವೇಶನ ಕೂಡ ಹುಟ್ಟುವುದು ಗುತ್ತಿಗೆಯಾಗಿಯೇ. 1984ರ ಹಂಚಿಕೆ ನಿಯಮಗಳಂತೆ ಅರ್ಜಿ ಹಾಕಿ ಸೈಟು ಪಡೆದವರಿಗೆ ಮೊದಲು ಸಿಗುವುದು ಕ್ರಯಪತ್ರವಲ್ಲ, ಹತ್ತು ವರ್ಷದ ‘ಲೀಸ್ ಕಮ್ ಸೇಲ್’ ಕರಾರು. ಅಷ್ಟು ಕಾಲ ಅವರು ಪ್ರಾಧಿಕಾರದ ಗುತ್ತಿಗೆದಾರರು. ಕಟ್ಟಿದ ಹಣವೂ ಭದ್ರತಾ ಠೇವಣಿಯ ಲೆಕ್ಕದಲ್ಲಿರುತ್ತದೆ. ಮನೆ ಕಟ್ಟಬೇಕು, ಪರಭಾರೆ ಮಾಡಬಾರದು ಎಂಬ ಷರತ್ತುಗಳು ಬೇರೆ. ಅವಧಿ ಮುಗಿದ ಮೇಲೆ ಪ್ರಾಧಿಕಾರ ಬರೆದುಕೊಡುವ ಶುದ್ಧ ಕ್ರಯಪತ್ರವೇ ಅವರನ್ನು ಒಡೆಯರನ್ನಾಗಿ ಮಾಡುವುದು.

ಇದರಲ್ಲೊಂದು ಸ್ವಾರಸ್ಯವಿದೆ. ಅದೇ ಬಡಾವಣೆಯ, ಅದೇ ರಸ್ತೆಯ ಮೂಲೆ ನಿವೇಶನವನ್ನು ಪ್ರಾಧಿಕಾರ ಹರಾಜಿನಲ್ಲಿ ನೇರವಾಗಿ ಮಾರುತ್ತದೆ. ಪಕ್ಕಪಕ್ಕದ ಎರಡು ಸೈಟು, ಒಂದರ ಒಡೆಯ ಪೂರ್ಣ ಒಡೆಯ, ಇನ್ನೊಂದರವರು ಇನ್ನೂ ಗುತ್ತಿಗೆದಾರರು. ಹೊರಗಿನಿಂದ ಕಾಂಪೌಂಡು ನೋಡಿದರೆ ವ್ಯತ್ಯಾಸ ತಿಳಿಯುವುದಿಲ್ಲ, ಪತ್ರ ನೋಡಬೇಕು. ‘ಬಿಡಿಎ ಸೈಟು ಸಾರ್, ಕಣ್ಣು ಮುಚ್ಕೊಂಡು ತಗೊಳ್ಳಿ’ ಎನ್ನುವವರ ಮುಂದೆ ಕಣ್ಣು ಬಿಟ್ಟು ಕೇಳಬೇಕಾದ ಪ್ರಶ್ನೆ ಒಂದೇ: ಶುದ್ಧ ಕ್ರಯಪತ್ರ ಆಗಿದೆಯೇ?

ತಪ್ಪು ಕಲ್ಪನೆ: ಆಗಿಲ್ಲದಿದ್ದರೇನು? ಅಗ್ರಿಮೆಂಟು, ಜಿಪಿಎ ಮಾಡಿಸಿಕೊಂಡರೆ ಸಾಕು.

ಹತ್ತು ವರ್ಷ ಕಾಯಲಾರದವರು ಹಿಡಿಯುವ ಒಳದಾರಿ ಇದು. ಪೂರ್ತಿ ಹಣ ಕೊಟ್ಟು, ಕರಾರು ಬರೆಸಿಕೊಂಡು, ಜೊತೆಗೊಂದು ಜನರಲ್ ಪವರ್ ಆಫ್ ಅಟಾರ್ನಿ ಪಡೆಯುತ್ತಾರೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 54ನೇ ಕಲಮು ಸ್ಪಷ್ಟವಾಗಿದೆ: ಮಾರುತ್ತೇನೆಂಬ ಕರಾರು ತಾನಾಗಿಯೇ ಆಸ್ತಿಯಲ್ಲಿ ಯಾವ ಹಕ್ಕನ್ನೂ ಹುಟ್ಟಿಸುವುದಿಲ್ಲ. ಜಿಪಿಎಯ ವಿಷಯದಲ್ಲಿ ಸುಪ್ರೀಂ ಕೋರ್ಟು 2011ರ ಅಕ್ಟೋಬರಿನಲ್ಲಿ ಸೂರಜ್ ಲ್ಯಾಂಪ್ ಪ್ರಕರಣದಲ್ಲಿ ಗೊಂದಲಕ್ಕೆ ಎಡೆಯಿಲ್ಲದಂತೆ ಹೇಳಿತು. ಜಿಪಿಎ, ಕರಾರು, ಉಯಿಲು ಮೂರನ್ನೂ ಕಟ್ಟಿಕೊಟ್ಟರೂ ಅದು ಮಾರಾಟವಲ್ಲ, ಒಡೆತನ ದಾಟಬೇಕಾದರೆ ನೋಂದಾಯಿತ ಕ್ರಯಪತ್ರವೇ ಬೇಕು. ಮನೆಯವರಿಗೆ ವ್ಯವಹಾರ ನೋಡಿಕೊಳ್ಳಲು ಕೊಡುವಂಥ ನಿಜವಾದ ಅಧಿಕಾರಪತ್ರಗಳಿಗೆ ಈ ತೀರ್ಪು ಅಡ್ಡಿಯಲ್ಲ ಎಂದೂ ಅದೇ ನ್ಯಾಯಾಲಯ ಹೇಳಿದೆ.

ಇನ್ನೊಂದನ್ನು ಜನ ಮರೆಯುತ್ತಾರೆ. ಸಾಮಾನ್ಯವಾಗಿ ಕೊಟ್ಟವರು ತೀರಿಕೊಂಡ ದಿನವೇ ಅಧಿಕಾರಪತ್ರದ ಜೀವವೂ ಹೋಗುತ್ತದೆ. ಅಮೆರಿಕದಲ್ಲಿರುವ ಮಾಲೀಕರ ಜಿಪಿಎ ಹಿಡಿದು ಯಾರಾದರೂ ಮಾರಲು ಬಂದರೆ ಮಾಲೀಕರ ಜೊತೆ ಒಮ್ಮೆ ವಿಡಿಯೊ ಕರೆಯಲ್ಲಾದರೂ ಮಾತಾಡಿ. ಸಂಕೋಚ ಬೇಡ, ದುಡ್ಡು ನಿಮ್ಮದು.

ತಪ್ಪು ಕಲ್ಪನೆ: ಖಾತೆ ನಮ್ಮ ಹೆಸರಿಗೆ ಆಗಿದೆ, ಕಂದಾಯ ಕಟ್ಟುತ್ತಿದ್ದೇವೆ, ಮನೆ ನಮ್ಮದು.

ಕರ್ನಾಟಕದಲ್ಲಿ ಇದಕ್ಕಿಂತ ಗಟ್ಟಿಯಾಗಿ ಬೇರೂರಿದ ನಂಬಿಕೆ ಇನ್ನೊಂದಿಲ್ಲ. ಖಾತೆ ಎಂಬ ಪದವೇ ಅದರ ಗುಟ್ಟು ಹೇಳುತ್ತದೆ: ಅದೊಂದು ಲೆಕ್ಕ. ಈ ಆಸ್ತಿಯ ತೆರಿಗೆಯನ್ನು ಯಾರಿಂದ ವಸೂಲು ಮಾಡಬೇಕು ಎಂದು ಪಾಲಿಕೆ ಇಟ್ಟುಕೊಂಡ ಪುಸ್ತಕದ ಪುಟ. ಕಂದಾಯ ದಾಖಲೆಯಲ್ಲಿ ಹೆಸರಿದ್ದ ಮಾತ್ರಕ್ಕೆ ಹಕ್ಕು ಹುಟ್ಟುವುದಿಲ್ಲ ಎಂದು ಸುಪ್ರೀಂ ಕೋರ್ಟು ಹೇಳುತ್ತ ಬಂದು ದಶಕಗಳೇ ಆದವು. ‘ಬಿ ಖಾತಾ’ ಇನ್ನೂ ಒಂದು ಮೆಟ್ಟಿಲು ಕೆಳಗೆ. ಭೂಪರಿವರ್ತನೆಯೋ ನಕ್ಷೆ ಮಂಜೂರಾತಿಯೋ ಇಲ್ಲದ ಆಸ್ತಿಯಿಂದಲೂ ತೆರಿಗೆ ತಪ್ಪಬಾರದೆಂದು ಇಟ್ಟ ಪ್ರತ್ಯೇಕ ವಹಿ ಅದು. ಅಂಥ ತೆರಿಗೆ ಕಟ್ಟಿದ್ದರಿಂದ ಅಕ್ರಮ ಸಕ್ರಮವಾಗುವುದಿಲ್ಲ. ರಾಜ್ಯ ಸರ್ಕಾರದ ಅಕ್ರಮ ಸಕ್ರಮ ಯೋಜನೆಗೇ 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಟ್ಟಿದ್ದು ಬಹಳ ಜನರಿಗೆ ನೆನಪಿರಬಹುದು.

ಈಗ ನೋಂದಣಿಗೆ ಇ-ಖಾತಾ ಕಡ್ಡಾಯವಾಗಿದೆಯಲ್ಲ ಎಂದು ಕೇಳಬಹುದು. ಒಂದೇ ಸೈಟನ್ನು ನಾಲ್ವರಿಗೆ ಮಾರುವ ಮೋಸಕ್ಕೆ ಅದರಿಂದ ಕಡಿವಾಣ ಬೀಳುತ್ತದೆ, ಒಳ್ಳೆಯದೇ. ಆದರೆ ಕಾಗದ ಕಂಪ್ಯೂಟರಿಗೆ ಏರಿತೆಂದು ಖಾತೆಯು ಹಕ್ಕುಪತ್ರವಾಗಲಿಲ್ಲ.

ತಪ್ಪು ಕಲ್ಪನೆ: ಫ್ರೀಹೋಲ್ಡ್ ಅಂದಮೇಲೆ ತಕರಾರಿಲ್ಲ. ಇಸಿಯೂ ಕ್ಲೀನ್ ಇದೆ.

ಫ್ರೀಹೋಲ್ಡ್ ಎಂಬುದು ಹಕ್ಕಿನ ಬಗೆಯನ್ನು ಹೇಳುತ್ತದೆಯೇ ಹೊರತು ಅದರ ಶುದ್ಧಿಯನ್ನಲ್ಲ. ಪೂರ್ಣ ಒಡೆತನದ ಆಸ್ತಿಗೂ ಹತ್ತು ಜನ ಒಡೆಯರಿರಬಹುದು. ಋಣಭಾರ ಪತ್ರ, ಅಂದರೆ ಇಸಿ, ನೋಂದಣಿಯಾದ ವ್ಯವಹಾರಗಳನ್ನಷ್ಟೇ ತೋರಿಸುತ್ತದೆ. ನೋಂದಣಿಯಾಗದ ಉಯಿಲು, ಕೋರ್ಟಿನಲ್ಲಿ ಬಾಕಿಯಿರುವ ದಾವೆ, ಸಹಿ ಹಾಕದೆ ಉಳಿದ ತಂಗಿ ಇವು ಅದರಲ್ಲಿ ಕಾಣುವುದಿಲ್ಲ.

ತಂಗಿಯ ಮಾತು ಸುಮ್ಮನೆ ಬಂದದ್ದಲ್ಲ. ‘ಮದುವೆ ಮಾಡಿ ಕೊಟ್ಟಾಯ್ತು, ಒಡವೆ ಹಾಕಿದ್ದೇವೆ, ಅವಳಿಗೇನು ಪಾಲು?’ ಎನ್ನುವ ಅಣ್ಣಂದಿರು ಇವತ್ತಿಗೂ ಇದ್ದಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆಗೆ ನಮ್ಮ ರಾಜ್ಯ ತಂದು 1994ರ ಜುಲೈ ಕೊನೆಯಲ್ಲಿ ಜಾರಿಗೆ ಬಂದ ತಿದ್ದುಪಡಿ ಮದುವೆಯಾಗದ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಸಮಪಾಲು ಕೊಟ್ಟಿತ್ತು. 2005ರ ಕೇಂದ್ರ ತಿದ್ದುಪಡಿ ಮದುವೆಯ ಷರತ್ತನ್ನೇ ತೆಗೆದುಹಾಕಿತು. ಆ ಕೇಂದ್ರ ತಿದ್ದುಪಡಿ ಜಾರಿಗೆ ಬಂದ ದಿನ ತಂದೆ ಬದುಕಿರಬೇಕಿಲ್ಲ, ಮಗಳ ಹಕ್ಕು ಹುಟ್ಟಿನಿಂದಲೇ ಬಂದದ್ದು ಎಂದು 2020ರ ಆಗಸ್ಟಿನಲ್ಲಿ ವಿನೀತಾ ಶರ್ಮಾ ಪ್ರಕರಣ ತೀರ್ಮಾನಿಸಿತು. 2004ರ ಡಿಸೆಂಬರ್ 20ಕ್ಕೆ ಮುಂಚೆ ಕ್ರಮವಾಗಿ ಆದ ವಿಭಾಗವನ್ನು ಮಾತ್ರ ಕದಲಿಸುವಂತಿಲ್ಲ. ಆದ್ದರಿಂದ ವಂಶವೃಕ್ಷ ಕೇಳಿ, ಅದರಲ್ಲಿರುವ ಹೆಣ್ಣುಮಕ್ಕಳ ಹೆಸರು ಎಣಿಸಿ, ಆಮೇಲೆ ಕ್ರಯಪತ್ರದ ಸಹಿಗಳನ್ನು ಎಣಿಸಿ. ಎರಡು ಲೆಕ್ಕವೂ ತಾಳೆಯಾಗದಿದ್ದರೆ ಕಾರಣ ತಿಳಿಯುವವರೆಗೆ ದುಡ್ಡು ಕೊಡಬೇಡಿ.

ಜಮೀನಿನ ಮೂಲವನ್ನೂ ಕೆದಕಬೇಕು. ಪರಿಶಿಷ್ಟ ಜಾತಿ, ಪಂಗಡದವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಷರತ್ತು ಮುರಿದು ಅಥವಾ ಅನುಮತಿಯಿಲ್ಲದೆ ಕೊಂಡಿದ್ದರೆ, 1978ರ ಪಿಟಿಸಿಎಲ್ ಕಾಯ್ದೆಯಡಿ ಆ ಮಾರಾಟವೇ ಶೂನ್ಯ. ಮಂಜೂರಿದಾರರ ಮೊಮ್ಮಕ್ಕಳೂ ಭೂಮಿ ವಾಪಸ್ ಕೇಳಬಹುದು. ಇಂಥ ಅರ್ಜಿಗೆ ಕಾಲಮಿತಿಯಿಲ್ಲ ಎಂದು 2023ರ ತಿದ್ದುಪಡಿ ಹೇಳಿದೆ. ಅದರ ಮೇಲೆ ನಾಲ್ಕು ಅಂತಸ್ತು ಎದ್ದಿದ್ದರೂ ಮೂಲದ ದೋಷ ಹೋಗುವುದಿಲ್ಲ.

ತಪ್ಪು ಕಲ್ಪನೆ: ಫ್ಲ್ಯಾಟ್ ಕೊಂಡವರಿಗೆ ನೆಲವಿಲ್ಲ, ಗೋಡೆ ಮಾತ್ರ.

ನಮ್ಮಲ್ಲಿ ಫ್ಲ್ಯಾಟಿನ ಕ್ರಯಪತ್ರದಲ್ಲಿ ಸಾಮಾನ್ಯವಾಗಿ ಜಮೀನಿನ ಅವಿಭಾಜ್ಯ ಪಾಲೂ ಸೇರಿರುತ್ತದೆ. ಎಷ್ಟು ಚದರಡಿ ಎಂಬುದನ್ನು ಷೆಡ್ಯೂಲಿನಲ್ಲಿ ಓದಿಕೊಳ್ಳಿ. ಕಟ್ಟಡ ಹಳತಾಗಿ ಕೆಡವುವ ದಿನ ಬಂದರೆ ಉಳಿಯುವುದು ಅದೇ. ರೇರಾ ಕಾಯ್ದೆಯಂತೆ, ನೋಂದಾಯಿತ ಕರಾರಿಲ್ಲದೆ ಬಿಲ್ಡರು ಶೇ 10ಕ್ಕಿಂತ ಹೆಚ್ಚು ಮುಂಗಡ ಪಡೆಯುವಂತಿಲ್ಲ ಎಂಬುದೂ ಗೊತ್ತಿರಲಿ.

ತಪ್ಪು ಕಲ್ಪನೆ: ಬ್ಯಾಂಕು ಸಾಲ ಕೊಡಲು ಒಪ್ಪಿದೆ, ಇನ್ನೇನು ನೋಡುವುದು?

ಬ್ಯಾಂಕಿನ ವಕೀಲರು ನೋಡುವುದು ಬ್ಯಾಂಕಿನ ಹಣ ಸುರಕ್ಷಿತವೇ ಎಂದು. ನಾಳೆ ಆಸ್ತಿಯ ಮೇಲೆ ದಾವೆ ಬಿದ್ದರೆ ಕಂತು ನಿಲ್ಲುವುದಿಲ್ಲ, ನಿಮ್ಮ ಸಂಬಳದಿಂದಲೇ ಕಡಿತವಾಗುತ್ತಿರುತ್ತದೆ. ಮುಂಗಡ ಕೊಡುವ ಮೊದಲು ಮೂಲಪತ್ರದಿಂದ ಇವತ್ತಿನವರೆಗಿನ ಕಾಗದಗಳನ್ನೆಲ್ಲ ನಿಮ್ಮದೇ ಒಬ್ಬ ವಕೀಲರಿಗೆ ತೋರಿಸಿ, ಅಭಿಪ್ರಾಯವನ್ನು ಬರಹದಲ್ಲಿ ಪಡೆಯಿರಿ. ಆ ವಕೀಲರನ್ನು ಬ್ರೋಕರು ಕರೆತರದಿರಲಿ.