ಲಗಾಮು ಸಡಿಲವಾಗುವ ಕ್ಷಣ

ಅಮೆರಿಕದ ಪಶ್ಚಿಮ ಭಾಗದ ದನಗಾಹಿ ಸೀಮೆಗಳಲ್ಲಿ ಎಳೆಗುದುರೆಯನ್ನು ಸವಾರಿಗೆ ಪಳಗಿಸುವ ಹಳೆಯ ಕ್ರಮ ಒರಟಾದದ್ದು. ಹಗ್ಗ ಬೀಸಿ ಹಿಡಿದು, ಕಂಬಕ್ಕೆ ಬಿಗಿದು, ಬೆನ್ನಿಗೆ ಜೀನು ಹೇರಿ, ಕುದುರೆ ನೆಗೆದು ನೆಗೆದು ಸೋತು ನಿಲ್ಲುವವರೆಗೆ ಮೇಲೆ ಅಂಟಿಕೊಂಡು ಕೂರುವುದು. ಅಂಥದೇ ಬದುಕಿನಿಂದ ಬಂದ ಆರೆಗನ್‌ನ ಟಾಮ್ ಡೊರಾನ್ಸ್ (1910–2003), ಅವರ ಅಣ್ಣ ಬಿಲ್, ಟಾಮ್ ಅವರಿಂದ ಕಲಿತ ರೇ ಹಂಟ್ (1929–2009) ಬೇರೊಂದು ಕ್ರಮ ಹಿಡಿದರು. ಕುದುರೆಯನ್ನು ಸೋಲಿಸುವ ಬದಲು ಅದಕ್ಕೆ ಅರ್ಥವಾಗುವ ಹಾಗೆ ಕೇಳುವುದು ಅವರ ಬೋಧನೆಯ ಸಾರ. ನಿಕೊಲಸ್ ಇವಾನ್ಸ್ ಅವರ 1995ರ ಕಾದಂಬರಿ ‘ದಿ ಹಾರ್ಸ್ ವಿಸ್ಪರರ್’, ಅದನ್ನಾಧರಿಸಿ 1998ರಲ್ಲಿ ಬಂದ ರಾಬರ್ಟ್ ರೆಡ್‌ಫೋರ್ಡ್ ಸಿನಿಮಾ ಈ ವಿದ್ಯೆಯನ್ನು ಲೋಕಪ್ರಸಿದ್ಧ ಮಾಡಿದವು. ಜೊತೆಗೇ ಇದು ಯಾರೋ ಕೆಲವರಿಗೆ ಹುಟ್ಟಿನಿಂದ ಒಲಿದ ಮಂತ್ರಶಕ್ತಿ ಎಂಬ ಭ್ರಮೆಯೂ ಹರಡಿತು. ಇದರಲ್ಲಿ ಮಂತ್ರವಿಲ್ಲ, ಯಾರೂ ಪರೀಕ್ಷಿಸಿ ನೋಡಬಹುದಾದ ತರ್ಕವಿದೆ, ಮತ್ತು ಆ ತರ್ಕ ಗೊತ್ತಾದಷ್ಟೂ ಈ ವಿದ್ಯೆಯ ಮೇಲಿನ ಗೌರವ ಹೆಚ್ಚುತ್ತದೆ ಎಂಬುದು ನನ್ನ ವಾದ.

ಕುದುರೆ ಬೇಟೆಗೆ ಗುರಿಯಾಗುವ ಪ್ರಾಣಿ. ತಲೆಯ ಎರಡು ಪಕ್ಕಕ್ಕಿರುವ ಕಣ್ಣುಗಳಿಂದ ಅದು ಸುತ್ತಲೂ ಬಹುಪಾಲು ಕಾಣಬಲ್ಲದು. ಮೈಮೇಲೆ ನೊಣ ಕೂತರೆ ಅಷ್ಟು ಜಾಗದ ಚರ್ಮವನ್ನಷ್ಟೇ ಅದುರಿಸಬಲ್ಲದು. ಇಷ್ಟು ಸೂಕ್ಷ್ಮ ಮೈಯ ಪ್ರಾಣಿಗೆ ಚಾಟಿ ಬೇಕೇ ಎಂಬ ಪ್ರಶ್ನೆಯಿಂದಲೇ ಡೊರಾನ್ಸ್ ಪರಂಪರೆಯ ಕೆಲಸ ಶುರುವಾಗುತ್ತದೆ. ಕುದುರೆ ಹಿಂದಕ್ಕೆ ಸರಿಯಬೇಕೆಂದರೆ ಹಗ್ಗವನ್ನು ತುಸು ಬಿಗಿ ಮಾಡಿ ಕಾಯಬೇಕು. ಅದು ಕಾಲು ಎತ್ತುವ ಮೊದಲೇ ಮೈಭಾರವನ್ನು ಹಿಂಗಾಲಿಗೆ ವಾಲಿಸುತ್ತದೆ. ಆ ವಾಲಿಕೆಯನ್ನು ಗಮನಿಸಿ ತಕ್ಷಣ ಹಗ್ಗ ಸಡಿಲಿಸಿದರೆ, ಕುದುರೆಗೆ ಉತ್ತರ ಸಿಕ್ಕಂತೆ. ಕಲಿಸುವುದು ಎಳೆತವಲ್ಲ, ಅದರ ಬಿಡುಗಡೆ. ಒಂದು ಗಳಿಗೆ ತಡವಾಗಿ, ಕುದುರೆ ತಲೆ ಕೊಡವಿದಾಗ ಬಿಟ್ಟಿರೋ, ತಲೆ ಕೊಡವಿದರೆ ಬಿಡುಗಡೆ ಎಂಬ ಪಾಠವನ್ನೇ ಅದು ಕಲಿಯುತ್ತದೆ. ಮೊಂಡು ಕುದುರೆ ಎಂದು ದೂರುವ ಎಷ್ಟೋ ಸವಾರರು ಆ ಮೊಂಡುತನವನ್ನು ತಾವೇ ಕಲಿಸಿರುತ್ತಾರೆ. ಕುದುರೆಯ ಗಮನ ಎಷ್ಟು ಸೂಕ್ಷ್ಮ ಎಂಬುದಕ್ಕೆ ಹಳೆಯ ಸಾಕ್ಷಿಯೊಂದಿದೆ. ಲೆಕ್ಕ ಮಾಡುತ್ತದೆಂದು ಜರ್ಮನಿಯಲ್ಲಿ ಹೆಸರಾದ ಹಾನ್ಸ್ ಎಂಬ ಕುದುರೆ ಕೇಳುವವರ ತಲೆಯ ಅತಿಸಣ್ಣ ಚಲನೆಯನ್ನು ನೋಡಿಕೊಂಡು ಗೊರಸು ಬಡಿಯುತ್ತಿತ್ತು ಎಂದು ಮನೋವಿಜ್ಞಾನಿ ಆಸ್ಕರ್ ಫುಂಗ್‌ಸ್ಟ್ 1907ರಲ್ಲಿ ತೋರಿಸಿಕೊಟ್ಟರು. ಜನ ಮೋಸಹೋದ ಕಥೆಯಾಗಿ ಇದನ್ನು ಹೇಳುವುದು ವಾಡಿಕೆ. ತಮ್ಮ ತಲೆ ಅಲುಗಿದ್ದು ಕೇಳುವವರಿಗೇ ಗೊತ್ತಾಗದಿದ್ದಾಗ ಕುದುರೆಗೆ ಗೊತ್ತಾಗಿತ್ತಲ್ಲ, ನನಗೆ ದೊಡ್ಡದಾಗಿ ಕಾಣುವುದು ಅದು.

ಈ ವಿದ್ಯೆಯ ಮೇಲಿನ ಗಟ್ಟಿ ಆಕ್ಷೇಪ ಬಂದಿರುವುದು ವಿಜ್ಞಾನಿಗಳಿಂದ. ಕ್ಯಾಲಿಫೋರ್ನಿಯಾದ ಮಾಂಟಿ ರಾಬರ್ಟ್ಸ್ ದುಂಡನೆಯ ಬೇಲಿಯೊಳಗೆ ಕುದುರೆಯನ್ನು ಓಡಿಸಿ, ಅದು ತಲೆ ತಗ್ಗಿಸಿ ಬಾಯಾಡಿಸತೊಡಗಿದಾಗ ಬೆನ್ನು ತಿರುಗಿಸಿ ನಿಲ್ಲುತ್ತಾರೆ. ಕುದುರೆ ತಾನಾಗಿ ಹಿಂದೆ ಬರುತ್ತದೆ. ಇದು ಮಂದೆಯ ಭಾಷೆ ಎಂಬುದು ಅವರ ವಿವರಣೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಮನುಷ್ಯನ ಜಾಗದಲ್ಲಿ ರಿಮೋಟ್ ಕಾರೊಂದನ್ನಿಟ್ಟು ನೋಡಿದರು. ಕುದುರೆಗಳು ಕಾರಿಗೂ ಹಾಗೆಯೇ ಸ್ಪಂದಿಸಲು ಕಲಿತವು! ಕಾರಿಗೆ ಮಂದೆಯ ಭಾಷೆ ಬರುವುದಿಲ್ಲ. ಹತ್ತಿರ ಬಂದರೆ ಅಟ್ಟುವುದು ನಿಲ್ಲುತ್ತದೆ ಎಂಬುದಷ್ಟೇ ಅವುಗಳಿಗೆ ತಿಳಿದಿದ್ದು. ಬಿಡುಗಡೆಯೇ ಕಲಿಸುತ್ತದೆ ಎಂಬ ಮಾತನ್ನು ಈ ಪ್ರಯೋಗ ಬಲಪಡಿಸುತ್ತದೆ. ಆದರೆ ಓಡಿ ಬದುಕುವ ಪ್ರಾಣಿಗೆ ಅಟ್ಟಿಸಿಕೊಳ್ಳುವುದೂ ಹಿಂಸೆಯೇ ಎಂಬ ಎಚ್ಚರಿಕೆಯೂ ಅದರಲ್ಲಿದೆ, ಅದನ್ನು ತಳ್ಳಿಹಾಕಲಾಗದು. ಈ ಎಚ್ಚರಿಕೆ ಹಳೆಯ ಹೆಸರುಗಳಿಗೂ ಸಲ್ಲುತ್ತದೆ. ಒಹಾಯೋದ ಜಾನ್ ರೇರಿ 1858ರಲ್ಲಿ ಲಂಡನ್ನಿನಲ್ಲಿ ಕ್ರೂಸರ್ ಎಂಬ ಕಡುಕೋಪದ ಗಂಡುಕುದುರೆಯನ್ನು ಪಳಗಿಸಿ ಹೆಸರು ಮಾಡಿದರು. ಮುಂಗಾಲನ್ನು ಮಡಿಸಿ ಪಟ್ಟಿ ಕಟ್ಟಿ ಕುದುರೆಯನ್ನು ನೆಲಕ್ಕೆ ಮಲಗಿಸುವುದು ಅವರ ಕ್ರಮ. ಹಾಗೆ ಮಲಗಿದ ಕುದುರೆಯ ಮೌನವನ್ನು ಒಪ್ಪಿಗೆ ಎನ್ನಲು ನನ್ನ ಮನಸ್ಸು ಒಪ್ಪದು.

ಮೆತ್ತಗಾದರೆ ಕುದುರೆ ತಲೆಯೇರುತ್ತದೆ ಎನ್ನುವವರಿಗೆ ಕ್ರಿಸ್ತಪೂರ್ವ ನಾಲ್ಕನೇ ಶತಮಾನದಲ್ಲೇ ಉತ್ತರ ಸಿಕ್ಕಿದೆ. ಅಥೆನ್ಸಿನ ಕ್ಸೆನೊಫೋನ್ ಕುದುರೆ ಸವಾರಿಯ ಬಗ್ಗೆ ಬರೆದ ಪುಸ್ತಕದಲ್ಲಿ, ಯಾವುದೋ ವಸ್ತುವಿಗೆ ಹೆದರಿದ ಕುದುರೆಗೆ ಹೊಡೆದರೆ ಆ ನೋವೂ ಅದೇ ವಸ್ತುವಿನಿಂದ ಬಂತೆಂದು ಅದು ತಿಳಿಯುತ್ತದೆ ಎಂದು ವಿವರಿಸಿದ್ದಾನೆ. ಇದು ಕರುಣೆಯ ಮಾತಿಗಿಂತ ಮೊದಲು ಅಪ್ಪಟ ತರ್ಕದ ಮಾತು. ಹಾಗೆಂದು ಮುದ್ದು ಮಾಡಿ ಬಿಟ್ಟುಬಿಡುವುದು ಈ ವಿದ್ಯೆಯಲ್ಲ. ರೇ ಹಂಟ್ ಅವರ ಶಿಷ್ಯ, ಬಾಲ್ಯದಲ್ಲಿ ತಂದೆಯಿಂದ ಹೊಡೆತ ತಿಂದು ಬೆಳೆದ ಬಕ್ ಬ್ರಾನಮನ್ ಅವರ ಬಗೆಗಿನ 2011ರ ಸಾಕ್ಷ್ಯಚಿತ್ರ ‘ಬಕ್’ನಲ್ಲಿ, ತಾಯಿಯಿಲ್ಲದೆ ಮನೆಯಲ್ಲಿ ಬೆಳೆದು ಯಾವ ಎಲ್ಲೆಯನ್ನೂ ಕಲಿಯದ ಎಳೆಗುದುರೆಯೊಂದು ಮನುಷ್ಯನ ಮೇಲೆ ಎರಗಿ ಕಚ್ಚುತ್ತದೆ. ಬಕ್ ಬೈಯುವುದು ಕುದುರೆಯನ್ನಲ್ಲ, ಸಾಕಿದವರನ್ನು. ಒರಟುತನದಂತೆ ಅಸಡ್ಡೆಯೂ ಪ್ರಾಣಿಯನ್ನು ಕೆಡಿಸುತ್ತದೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಡ.

ಉಳಿಯುವುದು ಸಮಯದ ಮಾತು. ತರಬೇತಿಗೆ ಬಂದ ಕುದುರೆಯನ್ನು ಇಷ್ಟು ವಾರದಲ್ಲಿ ಸಿದ್ಧಮಾಡಿ ಕೊಡಬೇಕಾದವರಿಗೆ ಕಾಯುವುದು ದುಬಾರಿ, ನಿಜ. ಆದರೆ ಅವಸರದಲ್ಲಿ ತುಂಬಿದ ಹೆದರಿಕೆಯನ್ನು ಬಿಡಿಸಲು ಆಮೇಲೆ ಬೇಕಾಗುವ ಕಾಲವನ್ನು ಆ ಲೆಕ್ಕಕ್ಕೆ ಸೇರಿಸುವವರು ಕಡಿಮೆ. ಸ್ಪರ್ಧಾಲೋಕವೂ ಈಗ ನಿಧಾನಕ್ಕೆ ಕಣ್ಣು ತೆರೆಯುತ್ತಿದೆ. ಕುದುರೆಯ ಮೂಗಿನ ಮೇಲೆ ಕಟ್ಟುವ ಪಟ್ಟಿ ಅತಿ ಬಿಗಿಯಾದರೆ ಅದು ಬಾಯಿ ತೆರೆದು ಕಡಿವಾಣದ ನೋವನ್ನು ತೋರಿಸಲಾರದು. ಆ ಪಟ್ಟಿ ಎಷ್ಟು ಸಡಿಲವಿದೆ ಎಂದು ಅಳೆಯುವ ಸಾಧನವನ್ನು ಅಂತರರಾಷ್ಟ್ರೀಯ ಕುದುರೆ ಸವಾರಿ ಒಕ್ಕೂಟ 2025ರಲ್ಲಿ ತನ್ನ ಸ್ಪರ್ಧೆಗಳಲ್ಲಿ ಜಾರಿಗೆ ತಂದಿದೆ.